ಇವತ್ತ ಎಲ್ಲಿತನಕ ಬಂದ್ರು?

ನಾನು ಬಿಸಿಲಿನಿಂದ ಕರೆಂಟು ತೆಗೆಯುವ ಗಾಜು ಮಾಡುವವಳು. ಕೇಳಿದವರಿಗೆಲ್ಲ ಇಷ್ಟೇ ಹೇಳುತ್ತೇನೆ. ಪೆರೋವ್‌ಸ್ಕೈಟ್ ಎಂದು ಬಾಯಿ ತೆರೆದರೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಕೂತವರು ಚೀಲ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗುತ್ತಾರೆ. ಒಮ್ಮೆ ಒಬ್ಬಾಕೆ ‘ಅದು ಯಾವ ದೇವರ ಹೆಸರು?’ ಎಂದು ಕೇಳಿದ್ದಳು. ಅಂದಿನಿಂದ ಆ ಹೆಸರು ಹೇಳುವುದನ್ನೇ ಬಿಟ್ಟೆ.

ಮನೆಗಳ ಮಾಡಿನ ಮೇಲೆ ಕಾಣುವ ನೀಲಿ ಪ್ಯಾನಲ್ಲುಗಳ ಜಾತಿ ಬೇರೆ, ನನ್ನದರ ಜಾತಿ ಬೇರೆ. ಅವು ದೊಡ್ಡ ಕಾರ್ಖಾನೆಯ ಕೂಸುಗಳು. ನನ್ನದು ಅಚ್ಚು ಹಾಕಿದ್ದು. ಮದುವೆ ಕಾರ್ಡು ಮುದ್ರಿಸುತ್ತಾರಲ್ಲ, ಅಂಥದೇ ಬಿಗಿದ ಬಲೆಯ ಚೌಕಟ್ಟು, ಅಂಥದೇ ರಬ್ಬರಿನ ಪಟ್ಟಿ. ಗಾಜಿನ ಮೇಲೆ ಒಂದರ ಮೇಲೊಂದು ಎರಡು ಬಿಳಿ ಪದರ ಎಳೆದು, ಅದರ ಮೇಲೆ ಇದ್ದಿಲಿನಷ್ಟು ಕಪ್ಪಾದ ಕಾರ್ಬನ್ ಪದರ ಎಳೆದು, ಒಲೆಯಲ್ಲಿ ಬೇಯಿಸುತ್ತೇವೆ. ಆಮೇಲೆ ಹಳದಿ ಶಾಯಿಯ ಹನಿ ಬಿಟ್ಟರೆ ಅದು ಕಪ್ಪಿನೊಳಗಿಂದ ಇಳಿದು ತಳದವರೆಗೆ ಹೋಗಿ ಹರಳುಗಟ್ಟುತ್ತದೆ. ಬಿಸಿಲನ್ನು ಹಿಡಿಯುವುದು ಆ ಹರಳು, ಆ ‘ದೇವರ ಹೆಸರು’ ಅದರದೇ. ಖರ್ಚು ಕಡಿಮೆ, ಕೆಲಸ ಸುಲಭ ಎಂದು ಜಗತ್ತೆಲ್ಲ ಹಿಂದೆ ಬಿದ್ದಿದೆ. ಆದರೆ ಎರಡು ರೋಗ. ಒಂದು, ಕೊಡಬೇಕಾದಷ್ಟು ಕೊಡುವುದಿಲ್ಲ. ಇನ್ನೊಂದು, ಬಹಳ ದಿನ ಬಾಳುವುದಿಲ್ಲ. ನೀರಿನ ಪಸೆ ಹೊಕ್ಕರೆ ಹರಳು ಒಡೆದು ಹಳದಿಯಾಗಿ ಸತ್ತುಹೋಗುತ್ತದೆ. ಈ ಎರಡು ರೋಗಕ್ಕೆ ಮದ್ದು ಹುಡುಕುವುದರಲ್ಲೇ ನನ್ನ ತಲೆಗೂದಲು ಬಿಳಿಯಾಗುತ್ತಿದೆ.

ವಾರವಿಡೀ ಹುಬ್ಬಳ್ಳಿ ಕಡೆಯ ಒಂದು ಕಾಲೇಜಿನ ಲ್ಯಾಬಿನಲ್ಲಿರುತ್ತೇನೆ, ರಜೆಗೆ ಶಿರಸಿಯ ಮನೆಗೆ ಬರುತ್ತೇನೆ. ಲ್ಯಾಬಿನ ಒಣಹವೆಯಲ್ಲಿ ಬದುಕಿದ್ದನ್ನು ನಾನು ನಂಬುವವಳಲ್ಲ. ನಮ್ಮ ಕಡೆಯ ಮಳೆ ತಡೆದುಕೊಂಡರೆ ಎಲ್ಲಿಯಾದರೂ ಬಾಳುತ್ತದೆ. ಹಾಗಾಗಿ ಅರಬೈಲ್ ಘಟ್ಟದಲ್ಲಿ ಒಂದು ಪ್ಯಾನಲ್ಲು, ಬಿಳಗಿಯ ಹತ್ತಿರ ಒಂದು, ಬನವಾಸಿ ಕಡೆ ನನ್ನ ಅಕ್ಕನ ಹೊಲದಲ್ಲಿ ಒಂದು ಇಟ್ಟಿದ್ದೆ. ಅರಬೈಲಿನದಕ್ಕೆ ಒಂದೇ ಮಳೆಗಾಲದಲ್ಲಿ ಪಾಚಿ ಬೆಳೆಯಿತು. ಬಿಳಗಿಯದನ್ನು ನೋಡಿ ಆ ಮನೆಯಾಕೆ, “ಎಂತ ತಂಗಿ ಇದು, ಕಾಮಾಲೆ ಆದಾಂಗೆ ಹಳದಿ ಆಗೋಜಲೆ!” ಎಂದಿದ್ದರು. ಉಳಿದದ್ದು ಅಕ್ಕನ ಹೊಲದ್ದು. ಅದರ ಕಥೆಯನ್ನೇ ಈಗ ಹೇಳಲು ಹೊರಟದ್ದು.

ಆ ಹೊಲ ಗೋವಿನಜೋಳದ್ದು. ಜೋಳ ಎಂದರೆ ಮಂಗ, ಮಂಗ ಎಂದರೆ ಜೋಳ. ತೆನೆ ಹಾಲುಗಟ್ಟುವ ಹೊತ್ತಿಗೆ ಹಿಂಡಿಗೆ ಹಿಂಡೇ ಇಳಿದು, ತಿಂದದ್ದಕ್ಕಿಂತ ಮುರಿದು ಬಿಸಾಡುವುದೇ ಹೆಚ್ಚು. ಅದಕ್ಕೆ ನಮ್ಮ ಕಡೆ ಮಂಗನ ಮೈಕು ಇಡುತ್ತಾರೆ. ಒಂದು ಸಣ್ಣ ಡಬ್ಬಿ, ಅದಕ್ಕೊಂದು ಹಾರ್ನು. ಡಬ್ಬಿಯ ಕೆಂಪು ಬಟನ್ ಒತ್ತಿ ಕೂಗಿದರೆ ಕೂಗು ಅದರೊಳಗೆ ಸೇರುತ್ತದೆ. ಇನ್ನೊಮ್ಮೆ ಒತ್ತಿದರೆ ಅದೇ ಕೂಗನ್ನು ತಿರುತಿರುಗಿ ಹೇಳುತ್ತಿರುತ್ತದೆ. ಅಕ್ಕನ ಗಂಡ, ಅಂದರೆ ನನ್ನ ಭಾವ, ಮೊದಲು ಅದರಲ್ಲಿ ನಾಯಿ ಬೊಗಳುವ ಸದ್ದು ಹಾಕಿಕೊಂಡಿದ್ದರು. ಮೈಕಿಗೆ ಬ್ಯಾಟರಿ, ಬ್ಯಾಟರಿಗೆ ನನ್ನ ಪ್ಯಾನಲ್ಲು. ಅದನ್ನು ಕಂಬಕ್ಕೆ ಕಟ್ಟುವಾಗ ಭಾವ, “ನಿನ್ನ ಈ ಕನ್ನಡ್ಯಾಗ ಮಂಗ್ಯಾಗೋಳು ಮಾರಿ ನೋಡ್ಕೊಂಡು ಕ್ರಾಪ್ ತಿದ್ಕೊಂಡು ಹೊಕ್ಕಾವು ನೋಡು” ಎಂದು ನಕ್ಕಿದ್ದರು. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತಾಯಿತು ಎಂದು ನಾನೂ ನಕ್ಕಿದ್ದೆ.

ಆ ಮನೆಯಲ್ಲಿ ಒಂದು ರೂಢಿ. ಹೊಲದಲ್ಲಿರುವವರನ್ನು ಯಾರಾದರೂ ಕರೆದರೆ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಇಲ್ಲ. ಮೂರು ಸಲ ಕರೆದ ಮೇಲೆಯೇ ‘ಬಂದೆ’ ಅನ್ನಬೇಕು. ಕರೆಯುವುದು ಮನುಷ್ಯರೇ ಆಗಿರಬೇಕಲ್ಲ! ಬೇರೆಯದಾದರೆ ಅದಕ್ಕೆ ಮೂರನೆಯ ಸಲ ಬಾಯಿ ಬರುವುದಿಲ್ಲವಂತೆ. ನಮ್ಮ ಕಡೆ ಈ ಮಾತು ಬಹಳ ಮನೆಗಳಲ್ಲಿದೆ, ಆದರೆ ಭಾವ ಅದನ್ನೊಂದು ಆಟ ಮಾಡಿಕೊಂಡಿದ್ದರು. ಅಕ್ಕ ದಿನಾ ಮಧ್ಯಾಹ್ನ ಹಳ್ಳ ದಾಟಿ ಬಂದು ಬದುವಿನ ಮೇಲೆ ನಿಂತು, “ಉಣ್ಣಾಕ ಬರ್ರೀ” ಎಂದು ಮೂರು ಸಲ ಗಂಟಲು ಹರಿದುಕೊಳ್ಳಬೇಕು. ಆತ ಜೋಳದ ನಡುವೆ ಅಡಗಿ ಕೂತು, ಮೂರನೆಯದು ಮುಗಿದ ಮೇಲೆ ಮೆಲ್ಲಗೆ ಎದ್ದು, “ಬಂದೆ, ಬಂದೆ. ಈಗ ನೀನ ಅಂತ ಖಾತ್ರಿ ಆತು” ಅನ್ನಬೇಕು. ಅಕ್ಕ ಬೈಯಬೇಕು. ಮದುವೆಯಾದಾಗಿನಿಂದ ಇದೇ ನಾಟಕ.

ಒಂದು ದಿನ ಅಕ್ಕನಿಗೆ ಬೇಸರ ಬಂತು. ಅಷ್ಟೇ, ಮತ್ತೇನೂ ಅಲ್ಲ. ರೊಟ್ಟಿ ಬಡಿದು ಬಡಿದು ಕೈ ಸೋತಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಭಾವ ಎಲ್ಲೋ ಒಳಗಿನಿಂದ ಮಂಗಗಳಿಗೆ ಕೂಗುತ್ತಿದ್ದುದು ಕೇಳಿಸುತ್ತಿತ್ತು. ಅಕ್ಕ ಬದುವಿನ ಮೇಲೆ ನಿಂತು ಒಮ್ಮೆ ಕರೆದಳು. ಎರಡನೆಯ ಸಲ ಕರೆದಳು. ಕೂಗು ನಿಂತಿತು, ಆದರೆ ಉತ್ತರ ಇಲ್ಲ. ‘ಹಸಿವಾದ್ರ ತಾವೇ ಬರ್ತಾರ’ ಎಂದುಕೊಂಡು ಮೂರನೆಯ ಸಲ ಕರೆಯದೆ ಮನೆಗೆ ಹೋದಳು.

ಮಧ್ಯಾಹ್ನವೆಲ್ಲ ಹೊಲದಿಂದ ಭಾವನ ಕೂಗು ಬರುತ್ತಲೇ ಇತ್ತು. “ಏಯ್! ಹೋ! ಹೋ!” ಅಕ್ಕ ಸಿಟ್ಟಿನಲ್ಲಿ ಪಾತ್ರೆ ತೊಳೆದಳು, ದನಗಳಿಗೆ ನೀರು ಕುಡಿಸಿದಳು. ಕೂಗುತ್ತಿದ್ದಾರಲ್ಲ, ಮತ್ತೇನು ಚಿಂತೆ? ಸಂಜೆಯಾಗುತ್ತ ಕೂಗು ಗಿಡ್ಡವಾಯಿತು. ಬರೀ “ಏಯ್”. ಸ್ವಲ್ಪ ಬಿಟ್ಟು ಮತ್ತೆ “ಏಯ್”. ಆಗ ಅವಳು ಕೈಯ ಕೆಲಸ ಬಿಟ್ಟು ಪಕ್ಕದ ಹೊಲದವರನ್ನು ಕರೆದುಕೊಂಡು ಓಡಿದಳು. ಭಾವ ಮಾವಿನ ಮರದ ಬುಡದಲ್ಲಿ ಒರಗಿ ಕೂತಂತೆ ಬಿದ್ದಿದ್ದರು, ಕವಣೆ ಕೈಯಲ್ಲೇ ಇತ್ತು. ಮೈ ತಣ್ಣಗಾಗಿತ್ತು. ಕೂಗುತ್ತಿದ್ದದ್ದು ಮೈಕು. ಆ ದಿನವೇ ನಾಯಿಯ ಸದ್ದು ಅಳಿಸಿ ತಮ್ಮ ಸ್ವಂತ ಕೂಗು ತುಂಬಿಟ್ಟಿದ್ದರು. ಹಳ್ಳದಾಚೆಯ ಮನೆಗೆ ಅದರಲ್ಲಿನ ಜೋರು ಕೂಗಷ್ಟೇ ಮುಟ್ಟಿತ್ತು, ಬ್ಯಾಟರಿ ಸೋತಂತೆ ಅದೂ ಗಿಡ್ಡವಾಗಿತ್ತು. ಯಾರೋ ಹೋಗಿ ತಂತಿ ಕಿತ್ತು ಅದರ ಬಾಯಿ ಮುಚ್ಚಿಸಿದರಂತೆ.

ಎದೆ ಒಮ್ಮೆಲೇ ನಿಂತಿದೆ, ಏನೂ ತಿಳಿದಿರಲಿಕ್ಕಿಲ್ಲ ಎಂದರು ಡಾಕ್ಟರು. ಯಾವ ಹೊತ್ತಿಗೆ ನಿಂತಿತು ಎಂದು ಹೇಳುವವರು ಯಾರು? ನಮ್ಮವರಲ್ಲಿ ಸುಡುವುದಿಲ್ಲ, ಹೂಳುತ್ತಾರೆ, ಅದೂ ಸ್ವಂತ ಹೊಲದಲ್ಲೇ. ಭಾವನನ್ನು ಅದೇ ಮಾವಿನ ಮರದ ಹತ್ತಿರ ಕೂರಿಸಿ ಮಣ್ಣು ಕೊಟ್ಟೆವು. ಮೈಕಿನ ಕಂಬಕ್ಕೂ ಆ ಸಮಾಧಿಗೂ ನಡುವೆ ನಾಲ್ಕು ಸಾಲು ಜೋಳದಷ್ಟು ಜಾಗ.

ಮರುವರ್ಷ ಜೋಳ ಮತ್ತೆ ತೆನೆಗೆ ಬಂತು. ಮಂಗಗಳೂ ಬಂದವು, ಅವಕ್ಕೇನು ಸೂತಕವೇ? ಅಕ್ಕ ಫೋನು ಮಾಡಿ, “ತಂಗಿ, ಆ ಮೈಕು ಹಚ್ಚಿಕೊಡು ಬಾ” ಎಂದಳು. ಹೋಗಿ ನೋಡಿದರೆ ಬ್ಯಾಟರಿ ಉಬ್ಬಿ ಹಾಳಾಗಿತ್ತು. ಸದ್ಯಕ್ಕಿರಲಿ ಎಂದು ಪ್ಯಾನಲ್ಲಿನಿಂದ ನೇರವಾಗಿ ತಂತಿ ಎಳೆದು ನಡುವೆ ಒಂದು ಕೆಪಾಸಿಟರ್ ಕೂರಿಸಿದೆ. ಅದು ಕರೆಂಟಿನ ಚೊಂಬು. ಪ್ಯಾನಲ್ಲು ತುಂಬುತ್ತದೆ, ಮೈಕು ಕುಡಿಯುತ್ತದೆ. ತುಂಬುವುದಕ್ಕಿಂತ ಕುಡಿಯುವುದು ಜೋರಾದರೆ ಚೊಂಬು ಬರಿದಾಗಿ ಮೈಕು ಅರ್ಧಕ್ಕೇ ಸಾಯುತ್ತದೆ. ಮತ್ತೆ ತುಂಬಿದಾಗ ಮೊದಲಿನಿಂದ ಶುರು ಮಾಡುತ್ತದೆ. ನನ್ನ ಹಳೆಯ ಪ್ಯಾನಲ್ಲು ಆಗಲೇ ಅಂಚಿನಲ್ಲಿ ಹಳದಿ ತಿರುಗಿತ್ತು. ಮೈಕಿಗೆ ಬಂದದ್ದು ಒಂದೇ ಸೊಲ್ಲು.

“ಏಯ್!”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಚೊಂಬು ತುಂಬಿತು. ಮತ್ತೆ “ಏಯ್!” ಮಣ್ಣು ಕೊಟ್ಟು ವರ್ಷವಾದ ಮನುಷ್ಯನ ಗಂಟಲು, ಅದೇ ಹೊಲದಿಂದ, ಅದೇ ಮರದ ಕಡೆಯಿಂದ. ನಾನು ಎಲೆಕ್ಟ್ರಾನಿಕ್ಸ್ ಓದಿದವಳು, ಆದರೂ ಕಂಬ ಬಿಟ್ಟು ಅಕ್ಕನ ಹತ್ತಿರಕ್ಕೆ ಸರಿದೆ. ಮರದ ಮೇಲಿದ್ದ ಮಂಗಗಳು ಕೆಳಗಿಳಿಯದೆ ಹಾಗೇ ಕುಳಿತವು.

ಮುಂದಿನ ಸಲ ಹೋದಾಗ ಹೊಸ ಬ್ಯಾಟರಿ ಹೊತ್ತುಕೊಂಡು ಹೋದೆ. ಹಚ್ಚಿದರೆ ಒಂದೇ ಕ್ಷಣದಲ್ಲಿ ಪೂರ್ತಿ ಕೂಗು ಬರುತ್ತದೆ ಎಂದೆ. ಅಕ್ಕ ನನ್ನ ಕೈ ಹಿಡಿದಳು.

“ಬ್ಯಾಡ, ತಂಗಿ. ಪೂರಾ ಆಗಿಬಿಡ್ತೈತಿ.”

“ಪೂರಾ ಆಗ್ಲಿಕ್ಕೇ ಅಲ್ಲೇನ್ ಹಚ್ಚೋದು?”

“ನಿನಗ ತಿಳಿಯಂಗಿಲ್ಲ.” ಬದುವಿನ ಮೇಲೆ ಕೂತಳು. “ನಾ ಕರಿಯೋ ಮುಂದ ಅವರು ಕೂಗಾಕತ್ತಿದ್ರು. ಆ ಡಬ್ಬಿಗೇ ಕೂಗಾಕತ್ತಿದ್ರು ಕಾಣ್ತೈತಿ. ಅಂದ್ರ ನನ್ನ ದನಿನೂ ಅದರಾಗ ಹೊಕ್ಕೈತಿ. ನಾ ಎರಡ ಸಲ ಕರದು ಹೋದ್ಮ್ಯಾಲ ಅವರಿಗೆ ಏನಾತು, ಏನಂದ್ರು, ಅದೂ ಐತಿ. ಆಗ್ಲೇ ಬಿದ್ದಿದ್ರೇನು? ನಾ ಇನ್ನೊಮ್ಮೆ ಕರದು, ಬರಲಿಲ್ಲಂತ ಒಳಗ ಹೋಗಿ ನೋಡಿದ್ರ ಉಳೀತಿದ್ರೇನು? ನನಗ ಗೊತ್ತಾಗಬೇಕು. ಆದ್ರ ಒಮ್ಮಿಗೇ ಬ್ಯಾಡ. ಇನ್ನೊಂದೀಟು ಉಳದೈತಿ ಅಂದ್ರ ಅವರು ಇನ್ನೂ ಏನೋ ಹೇಳೋದೈತಿ ಅಂದಂಗ.”

ಅಕ್ಕ ಎದ್ದು ಸೆರಗು ಕೊಡವಿ, “ನಿನ್ನ ಕನ್ನಡಿ ಎಷ್ಟು ದುಡೀತೈತೋ ಅಷ್ಟು ಕೇಳಿಸ್ಲಿ. ನೀ ಅದನ್ನ ಚಲೋ ಮಾಡಿದಂಗ ಅವರೂ ಮುಂದಕ್ಕ ಬರ್ಲಿ” ಎಂದಳು. ಬ್ಯಾಟರಿಯನ್ನು ಹಾಗೇ ವಾಪಸ್ಸು ಹೊತ್ತುಕೊಂಡು ಬಂದೆ.

ಅಲ್ಲಿಂದ ನನ್ನ ಕೆಲಸದ ರುಚಿಯೇ ಬದಲಾಯಿತು. ಮೊದಲು ಲ್ಯಾಬಿನಲ್ಲಿ ಮೀಟರಿನ ಅಂಕೆ ಏರಿದರೆ ಚಹಾ ಕುಡಿಯಲು ಹೋಗುತ್ತಿದ್ದೆ. ಈಗ ಅಂಕೆ ಏರಿದರೆ ಭಾವ ಇನ್ನೆಷ್ಟು ಮುಂದಕ್ಕೆ ಬಂದಾರು ಎಂದು ಲೆಕ್ಕ ಹಾಕುತ್ತಿದ್ದೆ. ಕಾರ್ಬನ್ ಪದರ ತೆಳುವಾದರೆ ಕರೆಂಟು ದಾರಿಯಲ್ಲೇ ಸೋರುತ್ತದೆ, ದಪ್ಪವಾದರೆ ಶಾಯಿ ತಳಕ್ಕೆ ಇಳಿಯುವುದಿಲ್ಲ. ಪಟ್ಟಿ ಎಳೆಯುವ ಕೈ ಚೂರು ನಡುಗಿದರೆ ಪದರದಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ, ಅಲ್ಲಿಂದಲೇ ಸಾವು ಹೊಗುತ್ತದೆ. ಇಂಥ ಹಾಳು ಮಾಡಿದ ಗಾಜುಗಳ ಲೆಕ್ಕ ಕೇಳಬೇಡಿ. ಕಾರ್ಬನ್ನನ್ನು ಒತ್ತಿ ಬಿಗಿ ಮಾಡುವುದನ್ನು ಕಲಿತ ಮೇಲೆ ಎರಡನೆಯ ಪ್ಯಾನಲ್ಲು ಸ್ವಲ್ಪ ಮನುಷ್ಯರಂತೆ ದುಡಿಯತೊಡಗಿತು. ಅದನ್ನು ಅಕ್ಕನ ಹೊಲದ ಕಂಬಕ್ಕೆ ಕಟ್ಟಿದೆ.

“ಏಯ್! ಹೋ! ಹೋ! ಇಳದ್ರ ನೋಡು, ನಿಮ್ಮಜ್ಜನ...” ಎಂದಿತು ಮೈಕು, ಆಮೇಲೆ ಕವಣೆ ಬೀಸಿದ ಸದ್ದು, ಟಪ್ ಎಂದು ಕಲ್ಲು ಬಿದ್ದ ಸದ್ದು. ಅಲ್ಲಿಗೆ ಕಡಿಯಿತು. ಅಕ್ಕ ನಕ್ಕುಬಿಟ್ಟಳು. ವರ್ಷದ ಮೇಲೆ ಅವಳ ನಗು ಕೇಳಿದ್ದು ಆಗಲೇ. “ಬೈಗುಳಾನೂ ತುಂಬ್ಯಾರ ನೋಡು, ಯಪ್ಪಾ!” ಎಂದು ಕಣ್ಣು ಒರೆಸಿಕೊಂಡಳು.

ದಿನಾ ಮಧ್ಯಾಹ್ನ ಲ್ಯಾಬಿನಿಂದ ಅವಳಿಗೆ ಫೋನು ಮಾಡುವುದು ರೂಢಿಯಾಯಿತು. ನಾನು ಕೇಳುವುದು ಒಂದೇ ಮಾತು: “ಇವತ್ತ ಎಲ್ಲಿತನಕ ಬಂದ್ರು?” ಅವಳು ಹೇಳುತ್ತಿದ್ದಳು. “ಕಲ್ಲು ಬೀಳೂತನಕ.” ಮೋಡವಿದ್ದರೆ, “ಹೋ ಹೋ ಅನ್ನೂತನಕ.” ಲ್ಯಾಬಿನಲ್ಲಿ ಪಕ್ಕದ ಮೇಜಿನವಳು ಒಂದು ದಿನ ತಡೆಯಲಾರದೆ, “ಯಾರು ಬರ್ತಿದಾರೆ ರೀ, ದಿನಾ ಕೇಳ್ತೀರಲ್ಲ?” ಎಂದಳು. ಭಾವ ಎಂದೆ. “ಎಲ್ಲಿಂದ?” ಎಂದಳು.

ಮಳೆ ಹಿಡಿಯಿತು. ಅಕ್ಕನ ವರದಿ ದಿನದಿಂದ ದಿನಕ್ಕೆ ಗಿಡ್ಡವಾಯಿತು. ಬೈಗುಳ ಹೋಯಿತು, ಎರಡನೆಯ ‘ಹೋ’ ಹೋಯಿತು. ಕೊನೆಗೆ ಒಂದು ದಿನ, “ಬರೇ ಏಯ್ ಅಂದ್ರು, ತಂಗಿ. ಹಿಂದ ಹಿಂದಕ್ಕ ಹೊಂಟಾರ” ಎಂದಳು. ಅವಳ ದನಿ ಕೇಳಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಸತ್ತವರನ್ನು ಒಮ್ಮೆ ಕಳೆದುಕೊಳ್ಳುವುದೇ ಸಾಕು, ಕಂತಿನಲ್ಲಿ ಕಳೆದುಕೊಳ್ಳುವುದು ಯಾವ ನ್ಯಾಯ? ಹೋಗಿ ಪ್ಯಾನಲ್ಲು ಬಿಚ್ಚಿ ತಂದೆ. ಒಳಗೆ ಸೀಸವಿರುವ ಸರಕು ಅದು, ಒಡೆದು ಹೊಲದ ಮಣ್ಣಿಗೆ ಬೀಳಬಾರದು.

ಆ ಮಳೆಗಾಲ ನಾನು ಶಿರಸಿಗೆ ಬಂದದ್ದೇ ಕಡಿಮೆ. ಗಾಜಿನ ಅಂಚನ್ನು ಎರಡು ಸುತ್ತು ಮುಚ್ಚುವುದನ್ನು ಕಲಿತೆ. ಶಾಯಿಗೆ ಇನ್ನೊಂದು ಪದಾರ್ಥ ಸೇರಿಸಿ, ಹರಳು ಒಂದಕ್ಕೊಂದು ಕೈ ಹಿಡಿದು ಬೆಳೆಯುವಂತೆ ಮಾಡಿದೆ. ಇದರಲ್ಲೊಂದು ವಿಚಿತ್ರವಿದೆ. ಇದನ್ನು ಕೊಲ್ಲುವುದು ನೀರಿನ ಪಸೆಯೇ, ಆದರೆ ಹನಿ ಬಿಟ್ಟ ಹೊಸತರಲ್ಲಿ ಹದವಾದ ಪಸೆಯ ಪೆಟ್ಟಿಗೆಯಲ್ಲಿಟ್ಟರೆ ಅದೇ ಪಸೆಯಿಂದ ಹರಳು ಗಟ್ಟಿಯಾಗುತ್ತದೆ. ಇನ್ನೊಂದು ವಿಚಿತ್ರ: ದಣಿದು ಬಿದ್ದ ಗಾಜನ್ನು ಬೆಳಕು ಬೀಳದ ಕಪಾಟಿನಲ್ಲಿ ಕೆಲವು ದಿನ ಮುಚ್ಚಿಟ್ಟರೆ, ತೆಗೆದಾಗ ಒಮ್ಮೊಮ್ಮೆ ಮತ್ತೆ ಚೆನ್ನಾಗಿ ದುಡಿಯುತ್ತದೆ. ಒಳಗೆ ಅಡ್ಡಾದಿಡ್ಡಿ ಸರಿದದ್ದು ಕತ್ತಲಲ್ಲಿ ತನ್ನ ಜಾಗಕ್ಕೆ ಮರಳುತ್ತದೆ, ಅಷ್ಟೇ. ಪುಸ್ತಕದಲ್ಲಿ ಹೀಗೇ ಇದೆ. ಆದರೆ ಆ ಕಪಾಟಿನ ಬಾಗಿಲು ತೆರೆಯುವಾಗ ನಾನು ಒಂದು ಕ್ಷಣ ಹಿಂದೆ ಸರಿದು ನಿಲ್ಲುವುದನ್ನು ರೂಢಿಸಿಕೊಂಡಿದ್ದೆ.

ಮೂರನೆಯ ಪ್ಯಾನಲ್ಲನ್ನು ಕಂಬಕ್ಕೆ ಕಟ್ಟಿದ್ದು ಬೇಸಿಗೆಯ ಒಂದು ಮುಂಜಾನೆ. ಹೊಲ ಖಾಲಿ, ಕಾಯುವ ಬೆಳೆ ಏನೂ ಇರಲಿಲ್ಲ. ಆದರೂ ಅಕ್ಕನಿಗೆ ತಡೆಯಲಾಗಲಿಲ್ಲ. ಬಿಸಿಲು ಏರುವವರೆಗೆ ಇಬ್ಬರೂ ಬದುವಿನ ಮೇಲೆ ಕೂತು ಮಂಡಕ್ಕಿ ತಿಂದೆವು. ಮೈಕು ಕೂಗಿತು, ಬೈಯಿತು, ಕಲ್ಲು ಬಿತ್ತು, ಆಮೇಲೆ ಕೇಳದೇ ಇದ್ದದ್ದು ಶುರುವಾಯಿತು. ಮೊದಲು ಸುಮ್ಮನೆ ಗಾಳಿಯ ಸದ್ದು. ಜೋಳದ ಗರಿಗಳು ಒಂದಕ್ಕೊಂದು ತೀಡುವ ಸದ್ದು. ಎದುರಿಗಿದ್ದ ಹೊಲದಲ್ಲಿ ಒಂದು ಗರಿಯೂ ಇರಲಿಲ್ಲ. ಬರೀ ಕೂಳೆ, ಬರೀ ಧೂಳು. ಅದರೊಳಗಿಂದ ಎಂದೋ ಕೊಯ್ದು ಮಾರಿದ ಬೆಳೆ ಸರಸರ ಎನ್ನುತ್ತಿತ್ತು.

ಅದರ ಹಿಂದಿನಿಂದ, ದೂರದಿಂದ, ಒಂದು ಹೆಣ್ಣು ದನಿ: “ಉಣ್ಣಾಕ ಬರ್ರೀ...”

ಅಕ್ಕ ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅವಳ ದನಿ ಎದುರಿನ ಖಾಲಿ ಹೊಲದಿಂದ ನಮ್ಮನ್ನು ಕರೆಯುತ್ತಿತ್ತು. ಅಕ್ಕ ಎದ್ದು ನಿಂತಳು, ಓಗೊಡಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ಎಳೆದೆ. ದೇವರಾಣೆ, ಆ ಕ್ಷಣ ನನಗೆ ಕೆಪಾಸಿಟರ್ ನೆನಪಾಗಲಿಲ್ಲ, ಮೊದಲ ಕೂಗಿಗೆ ಓಗೊಡಬಾರದು ಎಂಬುದಷ್ಟೇ ನೆನಪಾಯಿತು. ಮತ್ತೆ ಕರೆ ಬಂತು, ಎರಡನೆಯದು, ಚೂರು ಸಿಟ್ಟಿನದು: “ಉಣ್ಣಾಕ ಬರ್ರೀ ಅಂದ್ನೆಲ್ಲ!” ಅಲ್ಲಿಗೆ ಟಕ್ಕನೆ ಕಡಿದು, ತುಸು ಬಿಟ್ಟು “ಏಯ್!” ಎಂದು ಮತ್ತೆ ಮೊದಲಿಗೆ ಹೋಯಿತು.

“ಮುಂದಿಂದು ಎಷ್ಟೈತಿ?” ಅಕ್ಕ ಕೇಳಿದಳು.

“ಗೊತ್ತಿಲ್ಲಕ್ಕಾ. ಸ್ವಲ್ಪ ಇರಬೇಕು.”

ಬ್ಯಾಟರಿ ಹಚ್ಚಲೇ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅಕ್ಕನೇ, ತೆಗೆದು ಗೋಣಿಚೀಲದಲ್ಲಿ ಸುತ್ತಿಡು, ನೀನು ಹೊಸದು ತರುವವರೆಗೆ ಇದನ್ನು ಕೇಳಲಾರೆ ಎಂದಳು. ಸುತ್ತಿಟ್ಟು ಬಂದೆ.

ಹೇಳಿಬಿಡುತ್ತೇನೆ, ನಾಲ್ಕನೆಯದನ್ನು ಮಾಡುವಾಗ ನನಗೆ ಭಯವಿತ್ತು. ಮುಂದೆ ಇರುವುದು ಒಂದು ನರಳಾಟವಾದರೆ? ಬಿದ್ದ ಸದ್ದಾದರೆ? ಅವಳ ಹೆಸರು ಹಿಡಿದು ಕರೆದದ್ದಾದರೆ? ಅಂಥದೇನಾದರೂ ಇದ್ದರೆ ಅಕ್ಕ ಬಾಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಾಗದಂತೆ ಮೊದಲು ನಾನೊಬ್ಬಳೇ ಕೇಳಿ ನೋಡಲೇ ಎಂದೂ ಯೋಚಿಸಿದೆ, ಮನಸ್ಸು ಒಪ್ಪಲಿಲ್ಲ. ಅದು ಅವಳಿಗೆ ಬಂದ ಮಾತು, ನಾನು ಕದ್ದು ಕೇಳುವಂಥದ್ದಲ್ಲ. ಹಾಳಾದ್ದು, ಆ ಪ್ಯಾನಲ್ಲು ಮಾತ್ರ ನಾನು ಎಂದೂ ಮಾಡದಷ್ಟು ಚೆನ್ನಾಗಿ ಬಂತು. ಒಂದು ತೂತಿಲ್ಲ, ಒಂದು ಕಲೆಯಿಲ್ಲ. ಇಡೀ ಮಳೆಗಾಲ ಅದನ್ನು ಶಿರಸಿಯ ಮನೆಯ ತಾರಸಿಯ ಮೇಲೆ ನೆನೆಯಲು ಬಿಟ್ಟೆ. ಮಳೆ ನಿಂತಾಗ ಅಳೆದು ನೋಡಿದರೆ ಇಟ್ಟ ದಿನ ಇದ್ದಷ್ಟೇ ಇತ್ತು. ನನ್ನ ಕೆಲಸ ಗೆದ್ದಿತ್ತು. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ.

ಶೀಗಿ ಹುಣ್ಣಿಮೆಯ ದಿನ ಅದನ್ನು ಹೊತ್ತುಕೊಂಡು ಹೋದೆ. ಆ ಹಬ್ಬಕ್ಕೆ ನಮ್ಮ ಕಡೆ ಮನೆಯಲ್ಲಿ ಉಣ್ಣುವುದಿಲ್ಲ. ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬಸುರಿಯಾದ ಭೂತಾಯಿಗೆ ಪೂಜೆ ಮಾಡಿ, ಹೊಲದ ಸುತ್ತ ಎಡೆ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು. ಅಕ್ಕನ ಮಗಳು ಹಾಸ್ಟೆಲ್ಲಿನಲ್ಲಿದ್ದಳು, ಪರೀಕ್ಷೆ ಎಂದು ಬಂದಿರಲಿಲ್ಲ. ನಾವಿಬ್ಬರೇ. ಬುಟ್ಟಿಯಲ್ಲಿ ಹೋಳಿಗೆ, ಕಡುಬು, ಚವಳಿಕಾಯಿ ಪಲ್ಯ, ಬುತ್ತಿ. ಜೋಳ ನಮ್ಮ ತಲೆಗಿಂತ ಎತ್ತರ ನಿಂತಿತ್ತು. ಮಾವಿನ ಮರದ ತುಂಬ ಮಂಗ. ಒಂದೂ ಕಿಚಕ್ ಅನ್ನದೆ ಕೂತಿದ್ದವು.

ಪೂಜೆಯಾಯಿತು. ಅಕ್ಕ ಸಮಾಧಿಗೂ ಎರಡು ಹೂವು ಇಟ್ಟಳು. ಬಿಸಿಲು ನೆತ್ತಿಗೆ ಬಂದಿತ್ತು, ಮೋಡದ ತುಣುಕೂ ಇರಲಿಲ್ಲ. “ಹಚ್ಚು” ಎಂದಳು.

ತಂತಿ ಸಿಕ್ಕಿಸಿದೆ. ಮೈಕು ಕೂಗಿತು, ಬೈಯಿತು. ಕವಣೆ ಬೀಸಿತು, ಕಲ್ಲು ಬಿತ್ತು. ಗಾಳಿ ಬಂತು, ಗರಿಗಳು ಸರಸರ ಎಂದವು. ಈ ಸಲ ಎದುರಿಗೂ ಜೋಳವಿತ್ತು, ಯಾವುದು ಅಂದಿನ ಗಾಳಿ ಯಾವುದು ಇಂದಿನದು ಎಂದು ತಿಳಿಯಲಿಲ್ಲ. ಮೊದಲ ಕರೆ ಬಂತು. ಎರಡನೆಯ ಕರೆ ಬಂತು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಬಳೆ ಚುಚ್ಚುತ್ತಿತ್ತು. ಕಡಿಯಲಿಲ್ಲ. ಮುಂದಕ್ಕೆ ಹೋಯಿತು.

ಯಾರೋ ಹತ್ತಿರದಲ್ಲೇ ಕೂತು ಉಸಿರಾಡುವ ಸದ್ದು. ನರಳಾಟವಲ್ಲ, ನೋವಲ್ಲ, ಆಟದಲ್ಲಿ ಅಡಗಿ ಕೂತವರ ಉಸಿರು ಅದು. ಆಮೇಲೆ ಮೂಗಿನಲ್ಲೇ ಸಣ್ಣದೊಂದು ನಗು. ಮೈಕಿಗೆ ಬಾಯಿ ಹತ್ತಿಸಿಕೊಂಡಂತೆ, ಪಿಸುದನಿಯಲ್ಲಿ ಭಾವ ತಮ್ಮಷ್ಟಕ್ಕೆ ತಾವೇ ಹೇಳಿದರು:

“ಇನ್ನೊಂದ್ ಸಲ ಕರೀಲಿ, ತಡಿ.”

ಟಕ್ ಎಂದು ಬಟನ್ ಒತ್ತಿದ ಸದ್ದು. ಅಷ್ಟೇ, ಮುಗಿಯಿತು.

ನನಗೆ ಅಕ್ಕನ ಕಡೆ ನೋಡುವ ಧೈರ್ಯವಾಗಲಿಲ್ಲ. ಮೈಕು ಮತ್ತೆ ಮೊದಲಿನಿಂದ ಶುರುವಾಗಿತ್ತು. ಅಕ್ಕ ನನ್ನ ಕೈ ಬಿಟ್ಟಳು. ಎದ್ದಳು. ಬದುವಿನ ಮೇಲೆ, ಅಂದು ನಿಂತಿದ್ದ ಜಾಗಕ್ಕೇ ನಡೆದು ಹೋಗಿ ಸೆರಗು ಬಿಗಿದು ನಿಂತಳು. ಮೈಕು ಕೂಗಿ, ಬೈದು, ಅವಳ ಹಳೆಯ ದನಿಯಲ್ಲಿ ಒಮ್ಮೆ ಕರೆದು, ಎರಡನೆಯ ಸಲ ಕರೆದು, ‘ಇನ್ನೊಂದ್ ಸಲ ಕರೀಲಿ, ತಡಿ’ ಎನ್ನುವವರೆಗೆ ಕಾದಳು. ಆಮೇಲೆ ಹೊಟ್ಟೆಯ ತಳದಿಂದ ದನಿ ತೆಗೆದು ಕರೆದಳು.

“ಉಣ್ಣಾಕ ಬರ್ರೀ...”

ಹಳ್ಳದ ಆಚೆಯವರೆಗೂ ಹೋಯಿತು ಆ ಕೂಗು. ತಿರುಗಿ ಬಂದವಳ ಕಣ್ಣಲ್ಲಿ ನೀರಿರಲಿಲ್ಲ. ಬಹಳ ದಿನದ ಕೆಲಸ ಮುಗಿಸಿದವಳ ಹಾಗೆ ಇತ್ತು ಮುಖ.

“ತಗಿ ಇನ್ನ ಅದನ್ನ” ಎಂದಳು.

“ಅಕ್ಕಾ, ಇದು ಚಲೋ ಬಂದೈತಿ. ಬಹಳ ವರ್ಷ ಬಾಳ್ತೈತಿ. ದಿನಾ ಕೇಳಬಹುದು ನೀ.”

“ಯಾಕ ಕೇಳ್ಲಿ? ಮೂರ್ ಸಲ ಕರದಾತಲ್ಲ. ಬರ್ತಾರ ಈಗ.”

ಅದನ್ನು ಅವಳು ಹೇಳಿದ್ದು ಮಳೆ ಬರ್ತೈತಿ ಅಂದಷ್ಟೇ ಸಹಜವಾಗಿ. ನಾನು ತಂತಿ ಕಿತ್ತೆ. “ಹೋ” ಎಂಬಲ್ಲಿಗೆ ದನಿ ನಿಂತಿತು. ಎರಡು ವರ್ಷ ಮಳೆಯ ಜೊತೆ ಗುದ್ದಾಡಿ ಸಾಯದ ಹಾಗೆ ಮಾಡಿದ ಗಾಜನ್ನು ಬಿಚ್ಚಿ, ಬಿಸಿಲು ಬೀಳದಂತೆ ಬೋರಲು ಹಾಕಿದೆ. ಹೊಲ ಎಷ್ಟು ನಿಶ್ಶಬ್ದವಾಯಿತೆಂದರೆ ಬುಟ್ಟಿಯೊಳಗೆ ಇರುವೆ ಹರಿದರೂ ಕೇಳಿಸುತ್ತಿತ್ತು.

ಅಕ್ಕ ಬಾಳೆಲೆ ಹಾಕಿದಳು. ಒಂದು ನನಗೆ, ಒಂದು ತನಗೆ, ಮರದ ನೆರಳಿನ ಕಡೆಗೆ ಇನ್ನೊಂದು. ಮೂರಕ್ಕೂ ಹೋಳಿಗೆ ಬಡಿಸಿದಳು, ತುಪ್ಪ ಹಾಕಿದಳು. ನಾನು ಮೈಕು ನಿಂತದ್ದನ್ನು ನೆನೆದು ಮರದ ಕಡೆ ಕಣ್ಣು ಹಾಯಿಸಿದೆ. ಕೂಗು ನಿಂತರೆ ಸಾಕು, ಒಂದು ಗಳಿಗೆಯಲ್ಲಿ ಹಿಂಡೆಲ್ಲ ಇಳಿದು ಜೋಳಕ್ಕೆ ನುಗ್ಗುತ್ತಿತ್ತು, ಯಾವಾಗಲೂ ಹಾಗೇ. ಒಂದೂ ಇಳಿಯಲಿಲ್ಲ. ಮರಿಗಳನ್ನು ಅವುಚಿಕೊಂಡು ಇನ್ನೂ ಮೇಲಿನ ಕೊಂಬೆಗೆ ಸರಿದವು.

“ಕುಂದ್ರು, ಆರಿ ಹೊಕ್ಕತಿ” ಎಂದಳು ಅಕ್ಕ. ಕೂತೆ. ಮಂಗಗಳು ನಮ್ಮ ಎಲೆಯ ಕಡೆ ನೋಡುತ್ತಿರಲಿಲ್ಲ. ಎಲ್ಲವೂ ಒಂದೇ ಕಡೆ, ಜೋಳದ ಸಾಲಿನ ನಡುವೆ ಕೆಳಗೆ, ನೋಡುತ್ತಿದ್ದವು.